ಅಮೆರಿಕದ ಎಲಿಮೆಂಟರಿ ಸ್ಕೂಲ್ ಬಗ್ಗೆ, ಕಥೆ ಬರೆಯುವ ಅಕ್ಕನಿಗೆ

ಸಾಗರದಲ್ಲಿರುವ ನನ್ನ ದೊಡ್ಡಮ್ಮನ ಮಗಳು ಕಥೆ ಬರೆಯುತ್ತಾಳೆ. ಎರಡು ತಿಂಗಳ ಹಿಂದೆ ಹೊಸ ಕಥೆಯೊಂದನ್ನು ವಾಟ್ಸಾಪ್‌ನಲ್ಲಿ ಕಳಿಸಿದಳು. ನ್ಯೂಜೆರ್ಸಿಯ ಒಂದು ಕನ್ನಡದ ಮನೆ. ಅಪ್ಪ ಅಮ್ಮನ ನಡುವೆ ಮಾತು ನಿಂತುಹೋಗಿದೆ. ಏಳು ವರ್ಷದ ಹುಡುಗ ಅದನ್ನು ಯಾರಿಗೂ ಹೇಳದೆ ದಿನಾ ಶಾಲೆಗೆ ಹೋಗಿ ಬರುತ್ತಾನೆ. "ನಿನ್ನ ಮಗಳು ಅಲ್ಲೇ ಓದ್ತಾ ಇದ್ದಾಳಲ್ಲ, ಶಾಲೆಯ ಭಾಗ ಸರಿ ಇದೆಯಾ ನೋಡು ಮಾರಾಯ್ತಿ" ಅಂದಳು.

ಮನೆಯ ಭಾಗ ಓದುವಾಗ ನನಗೆ ಗಂಟಲು ಕಟ್ಟಿತು. ಅಷ್ಟು ನಿಜವಾಗಿತ್ತು. ಶಾಲೆಯ ಭಾಗಕ್ಕೆ ಬಂದರೆ, ಹುಡುಗ ಯೂನಿಫಾರ್ಮ್ ಹಾಕಿ ಬೆಂಚಿನ ಮೇಲೆ ಕೂತಿದ್ದ. ಗಂಟೆ ಹೊಡೆದಾಗ ಗಣಿತದ ಮೇಷ್ಟ್ರು ಹೋಗಿ ಸಮಾಜದ ಮೇಷ್ಟ್ರು ಬರುತ್ತಿದ್ದರು. ಪರೀಕ್ಷೆಯಲ್ಲಿ ಅವನು ಮೂರನೇ ರ್‍ಯಾಂಕಿನಿಂದ ಹದಿನೆಂಟಕ್ಕೆ ಇಳಿದ. ಹೆಡ್‌ಮಾಸ್ಟರು ಕರೆಸಿ ಗದರಿದರು. ಕಿಟಕಿಯ ಹೊರಗೆ ಹಿಮ ಬೀಳುತ್ತಿತ್ತು, ಒಳಗೆ ನಾವಿಬ್ಬರೂ ಓದಿದ ಶಾಲೆಯೇ ಇತ್ತು.

ಅವಳನ್ನು ದೂರುವ ಹಾಗಿಲ್ಲ. ಅಮೆರಿಕದ ಹೈಸ್ಕೂಲನ್ನು ಎಲ್ಲರೂ ಸಿನಿಮಾದಲ್ಲಿ ನೋಡಿದ್ದಾರೆ. ಎಲಿಮೆಂಟರಿ ಸ್ಕೂಲ್, ಅಂದರೆ ಐದರಿಂದ ಹತ್ತು ಹನ್ನೊಂದು ವರ್ಷದ ಮಕ್ಕಳ ಶಾಲೆ, ಒಳಗೆ ಹೇಗಿರುತ್ತದೆ ಅಂತ ಯಾರು ತೋರಿಸಿದ್ದಾರೆ? ನನ್ನ ಮಗಳು ಈಗ ಫೋರ್ತ್ ಗ್ರೇಡ್. ಕಿಂಡರ್‌ಗಾರ್ಟನ್‌ನಿಂದ ಇಲ್ಲಿಯವರೆಗೆ ನಾನು ಅವಳ ಶಾಲೆಯ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದ್ದೇನೆ, ಫೀಲ್ಡ್ ಟ್ರಿಪ್‌ಗಳಿಗೆ ಜೊತೆಗೆ ಹೋಗಿದ್ದೇನೆ. ಅಕ್ಕನಿಗೆ ಮೂರು ವಾರ ವಾಯ್ಸ್ ಮೆಸೇಜ್ ಕಳಿಸಿದೆ. ಹಾಗೆ ಹೇಳುತ್ತಾ ಹೇಳುತ್ತಾ ನನಗೇ ಒಂದು ವಿಷಯ ಸ್ಪಷ್ಟವಾಯಿತು. ಇಲ್ಲಿನ ಮಗುವಿನ ಶಾಲೆಯನ್ನು ಎರಡು ಸಂಗತಿ ಕಟ್ಟುತ್ತವೆ: ಮನೆಯ ವಿಳಾಸ ಮತ್ತು ಒಂದು ಕೋಣೆ. ಕಥೆ ಬರೆಯುವವರು ಮೊದಲು ಹಿಡಿಯಬೇಕಾದ್ದು ಇವೆರಡನ್ನು.

ವಿಳಾಸದಿಂದ ಶುರು ಮಾಡುತ್ತೇನೆ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಅನ್ನುವ ಪದವೇ ಇಲ್ಲ. ಅದು ರಾಜ್ಯಗಳ ಕೆಲಸ. ರಾಜ್ಯಗಳು ಅದನ್ನು ಊರೂರಿನ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ, ಅಂದರೆ ಅಲ್ಲಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕಗಳಿಗೆ, ಕೊಟ್ಟಿವೆ. ಮನೆ ಯಾವ ಡಿಸ್ಟ್ರಿಕ್ಟಿನಲ್ಲಿದೆಯೋ ಮಗು ಸಾಮಾನ್ಯವಾಗಿ ಅಲ್ಲಿನ ಶಾಲೆಗೇ ಹೋಗುವುದು. ದೇಶದಲ್ಲಿ ಸುಮಾರು 13,000 ಡಿಸ್ಟ್ರಿಕ್ಟ್‌ಗಳಿವೆ, ನಮ್ಮ ಪುಟ್ಟ ನ್ಯೂಜೆರ್ಸಿಯಲ್ಲೇ ಹೆಚ್ಚುಕಮ್ಮಿ 600. ಹೆಚ್ಚಿನ ಕಡೆ ಊರಿನವರೇ ವೋಟು ಹಾಕಿ ಸ್ಕೂಲ್ ಬೋರ್ಡ್ ಆರಿಸುತ್ತಾರೆ. ಬೋರ್ಡಿನ ಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಮೈಕ್ ಮುಂದೆ ಮಾತಾಡಬಹುದು. ದುಡ್ಡಿನ ದೊಡ್ಡ ಪಾಲು ಬರುವುದು ಊರಿನ ಮನೆಗಳ ಪ್ರಾಪರ್ಟಿ ಟ್ಯಾಕ್ಸ್‌ನಿಂದ. ಅಂದರೆ ಮನೆ ದುಬಾರಿಯಾದ ಊರಿನಲ್ಲಿ ಶಾಲೆಗೆ ದುಡ್ಡು ಜಾಸ್ತಿ. ಇಲ್ಲಿ ಮನೆ ಹುಡುಕುವಾಗ ನಮ್ಮವರು ಅಡುಗೆಮನೆಗಿಂತ ಮೊದಲು ಶಾಲೆಯ ರೇಟಿಂಗ್ ನೋಡುವುದು ಇದಕ್ಕೇ.

ಇದು ಅನ್ಯಾಯ ಅಲ್ವಾ ಅಂತ ಅಕ್ಕ ಕೇಳಿದಳು. ಹೌದು. ಕ್ಯಾಮ್ಡನ್, ಜೆರ್ಸಿ ಸಿಟಿಯಂಥ ಊರುಗಳ ಬಡ ಮಕ್ಕಳ ಪರವಾಗಿ 1981ರಲ್ಲೇ ನ್ಯೂಜೆರ್ಸಿ ಸರ್ಕಾರದ ಮೇಲೆ ಕೇಸು ಹಾಕಿದರು. ಆ್ಯಬಟ್ ವರ್ಸಸ್ ಬರ್ಕ್ ಅಂತ ಅದರ ಹೆಸರು. ಶ್ರೀಮಂತ ಊರಿನ ಮಕ್ಕಳಿಗೆ ಸಿಗುವಷ್ಟೇ ದುಡ್ಡು ಬಡ ನಗರಗಳ ಮಕ್ಕಳಿಗೂ ಸಿಗಬೇಕು ಅಂತ ರಾಜ್ಯದ ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು. 1998ರಲ್ಲಿ ಅಂಥ ಊರುಗಳ ಮೂರು ನಾಲ್ಕು ವರ್ಷದ ಮಕ್ಕಳಿಗೂ ಶಾಲೆ ತೆರೆಯಿರಿ ಅಂದಿತು. ನಾನು ಈ ರಾಜ್ಯದ ಬಗ್ಗೆ ಹೆಮ್ಮೆಪಡುವ ಕೆಲವು ಸಂಗತಿಗಳಲ್ಲಿ ಇದೊಂದು.

ಇದೆಲ್ಲ ಕಥೆಗೆ ಯಾಕೆ ಬೇಕು? ಅಕ್ಕನ ಕಥೆಯಲ್ಲಿ ಅಪ್ಪ ಮನೆ ಬಿಟ್ಟು ಹೆದ್ದಾರಿಯ ಆಚೆ ಅಪಾರ್ಟ್‌ಮೆಂಟ್ ಹಿಡಿಯುತ್ತಾನೆ. ಆ ಹೆದ್ದಾರಿಯೇ ಡಿಸ್ಟ್ರಿಕ್ಟಿನ ಗಡಿ ಆಗಿದ್ದರೆ? ಮನೆ ಮಾರಿ ಅಮ್ಮನೂ ಬೇರೆ ಕಡೆ ಹೋದರೆ ಹುಡುಗನ ಶಾಲೆ ಹೋಯಿತು, ಟೀಚರ್ ಹೋದರು, ಗೆಳೆಯ ಹೋದ. ಏಳು ವರ್ಷದ ಮಗುವಿಗೆ ಡೈವೋರ್ಸ್ ಅಂದರೆ ಏನು ಅಂತ ಗೊತ್ತಿರುವುದಿಲ್ಲ. ವಿಳಾಸ ಬದಲಾದರೆ ಏನಾಗುತ್ತದೆ ಅಂತ ಗೊತ್ತಿರುತ್ತದೆ. ಅವನ ತರಗತಿಯಿಂದ ಹಾಗೆ ಹೋದ ಮಕ್ಕಳನ್ನು ಅವನು ನೋಡಿರುತ್ತಾನೆ.

ಸೇರಿಸುವಾಗ ಆಫೀಸಿನಲ್ಲಿ ಕೇಳುವುದು ಮನೆಯ ಬಾಡಿಗೆ ಕರಾರು ಇಲ್ಲವೇ ಖರೀದಿ ಪತ್ರ, ಕರೆಂಟ್ ಬಿಲ್, ಮಗುವಿನ ಬರ್ತ್ ಸರ್ಟಿಫಿಕೇಟ್, ಲಸಿಕೆಯ ದಾಖಲೆ. ಫೀಸು ಇಲ್ಲ, ಡೊನೇಶನ್ ಇಲ್ಲ, ಇಂಟರ್‌ವ್ಯೂ ಇಲ್ಲ. ವೀಸಾ ಇಲ್ಲ ಅಂತ ಯಾವ ಮಗುವನ್ನೂ ಹೊರಗಿಡುವಂತಿಲ್ಲ. ಟೆಕ್ಸಸ್‌ನ ಒಂದು ಕೇಸಿನಲ್ಲಿ 1982ರಲ್ಲಿ ದೇಶದ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ.

ಆ ಕಾಗದಗಳ ನಡುವೆ ಒಂದು ಪುಟ ಇರುತ್ತದೆ. ನಿಮ್ಮ ಮಗು ಮೊದಲು ಕಲಿತ ಮಾತು ಯಾವುದು? ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ? "ಇಂಗ್ಲಿಷ್ ಅಂತ ಬರೆದುಬಿಡು, ಇಲ್ಲದಿದ್ದರೆ ಟೆಸ್ಟ್ ಮಾಡ್ತಾರೆ" ಅಂತ ಗೆಳತಿಯೊಬ್ಬಳು ಹೇಳಿದ್ದಳು. ನನಗೆ ಮನಸ್ಸು ಬರಲಿಲ್ಲ. ಕನ್ನಡ ಅಂತ ಬರೆದೆ. ಟೆಸ್ಟ್ ಮಾಡಿದರು. ಇಂಗ್ಲಿಷ್ ಬಾರದ ಮಗುವನ್ನು ಸುಮ್ನೆ ತರಗತಿಯಲ್ಲಿ ಕೂರಿಸಿದರೆ ಸಾಲದು, ಕಲಿಸುವ ವ್ಯವಸ್ಥೆ ಮಾಡಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕೇಸಿನಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಬಂದ ಹಕ್ಕು ಅದು. ನನ್ನ ಮಗಳನ್ನು ದಿನಕ್ಕೆ ಅರ್ಧ ಗಂಟೆ, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಇಎಸ್‌ಎಲ್ ಟೀಚರ್ ಹತ್ತಿರ ಕಳಿಸಿದರು. ಉರುಟು ಮೇಜು, ನಾಲ್ಕು ಮಕ್ಕಳು.

ಮೊದಲ ವಾರ ಅವಳು ಬಾಯಿ ಬಿಡಲಿಲ್ಲ. ಶುಕ್ರವಾರ ಆ ಟೀಚರ್ ನನಗೆ ಒಂದು ಚೀಟಿ ಕಳಿಸಿದರು. ಐದು ಮಾತುಗಳನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುವುದು ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಿ: ನೀರು, ಹಸಿವು, ನೋವು, ಬಾತ್‌ರೂಮಿಗೆ ಹೋಗಬೇಕು, ಅಮ್ಮ ಬರ್ತಾರೆ. ನಾನು ಬರೆದು ಕಳಿಸಿದೆ. ಸೋಮವಾರ ಮಗಳು ಬಸ್ಸಿಳಿದು ಓಡಿ ಬಂದು, "ಅಮ್ಮ, ನಮ್ಮ ಟೀಚರ್‌ಗೆ ಕನ್ನಡ ಬರುತ್ತೆ!" ಅಂದಳು. 'ಅಮ್ಮ ಬರ್ತಾರೆ' ಅಂತ ಅವರು ಹೇಳಿದ್ದನ್ನು ಅವರ ಧಾಟಿಯಲ್ಲೇ ಹೇಳಿ ತೋರಿಸಿದಳು. ಆ ಚೀಟಿ ಇಡೀ ವರ್ಷ ಅವರ ಮೇಜಿನ ಅಂಚಿಗೆ ಅಂಟಿಸಿತ್ತು.

ಈಗ ಕೋಣೆ. ನಮ್ಮಲ್ಲಿ ತರಗತಿ ಇರುತ್ತದೆ, ಮೇಷ್ಟ್ರು ಬಂದು ಹೋಗುತ್ತಾರೆ. ಇಲ್ಲಿ ಕೋಣೆ ಟೀಚರ್‌ದು, ಮಕ್ಕಳು ಒಂದು ವರ್ಷ ಅವರ ಮನೆಗೆ ಬರುತ್ತಾರೆ ಅನ್ನುವ ಹಾಗೆ. ಓದು, ಬರಹ, ಗಣಿತ, ವಿಜ್ಞಾನ, ಸಮಾಜ ಎಲ್ಲಾ ಒಬ್ಬರೇ. ಚಿತ್ರಕಲೆ, ಸಂಗೀತ, ಜಿಮ್, ಲೈಬ್ರರಿಗೆ ಮಾತ್ರ ಬೇರೆ ಟೀಚರ್. ಅವಕ್ಕೆ 'ಸ್ಪೆಷಲ್ಸ್' ಅನ್ನುತ್ತಾರೆ, ದಿನಕ್ಕೊಂದು. ಅಲ್ಲಿಗೆ ಹೋಗುವಾಗ ಮಕ್ಕಳು ಕಾರಿಡಾರಿನಲ್ಲಿ ಒಂದೇ ಸಾಲು. ಸಾಲಿನ ಮುಂದೆ ಅವತ್ತಿನ ಲೈನ್ ಲೀಡರ್, ಬಾಗಿಲು ಹಿಡಿಯಲು ಇನ್ನೊಂದು ಮಗು. ಗಿಡಕ್ಕೆ ನೀರು ಹಾಕುವವರು, ಪೆನ್ಸಿಲ್ ಚೂಪು ಮಾಡುವವರು, ಹೀಗೆ ಪ್ರತಿ ಮಗುವಿಗೂ ಒಂದು ಕೆಲಸ ಗೋಡೆಯ ಮೇಲೆ ಬರೆದಿರುತ್ತದೆ. ಕಿಂಡರ್‌ಗಾರ್ಟನ್ ಮಗುವಿಗೆ ಲೈನ್ ಲೀಡರ್ ಆಗುವ ದಿನ ಅಂದರೆ ಹಬ್ಬ. ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ.

ನೆಲದ ಮೇಲೆ ಒಂದು ದೊಡ್ಡ ಜಮಖಾನ. ಚಿಕ್ಕ ತರಗತಿಗಳಲ್ಲಿ ದಿನದ ಮುಖ್ಯ ಕೆಲಸವೆಲ್ಲ ಅಲ್ಲಿ. ಚಕ್ಕಳಮಕ್ಕಳ ಹಾಕಿ ಕೂತು ಕಥೆ ಕೇಳುವುದು, ಕ್ಯಾಲೆಂಡರ್ ನೋಡುವುದು. ಗೋಡೆಗೆ ಸಾಲಾಗಿ ಬಾಗಿಲಿಲ್ಲದ ಗೂಡುಗಳು, ಕಬ್ಬಿ ಅನ್ನುತ್ತಾರೆ. ಒಂದೊಂದಕ್ಕೂ ಮಗುವಿನ ಹೆಸರು. ಅದರಲ್ಲಿ ಕೋಟು, ಬ್ಯಾಗು, ಹಿಮದ ಬೂಟು, ಊಟದ ಡಬ್ಬಿ. ಪುಸ್ತಕದ ಹೊರೆ ಇಲ್ಲ. ಬ್ಯಾಗಿನಲ್ಲಿ ಒಂದು ಫೋಲ್ಡರ್ ಮನೆಗೂ ಶಾಲೆಗೂ ಓಡಾಡುತ್ತದೆ. ಗದ್ದಲ ಜಾಸ್ತಿಯಾದಾಗ ಟೀಚರ್ ಒಂದು ತಾಳದಲ್ಲಿ ಚಪ್ಪಾಳೆ ತಟ್ಟುತ್ತಾರೆ, ಮಕ್ಕಳು ಅದೇ ತಾಳ ತಿರುಗಿ ತಟ್ಟುತ್ತಾರೆ, ಕೋಣೆ ಸುಮ್ಮನಾಗುತ್ತದೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಯಾವ ಟೀಚರ್ ಸಿಗುತ್ತಾರೆ ಅಂತ ಆಗಸ್ಟಿನಲ್ಲಿ ತಿಳಿಯುತ್ತದೆ. ಪ್ರತಿ ವರ್ಷ ಮಕ್ಕಳನ್ನು ಕಲೆಸಿ ಹೊಸ ತರಗತಿ ಮಾಡುತ್ತಾರೆ. ನಮ್ಮ ಹಾಗೆ ಒಂದರಿಂದ ಏಳರವರೆಗೆ ಅದೇ ಗೆಳತಿಯರ ಜೊತೆ ಕೂರುವುದು ಇಲ್ಲಿ ಆಗುವುದಿಲ್ಲ. ಜೂನ್‌ನಲ್ಲಿ ಬೀಳ್ಕೊಟ್ಟ ಕೋಣೆಗೆ ಸೆಪ್ಟೆಂಬರ್‌ನಲ್ಲಿ ಬೇರೆ ಮಕ್ಕಳು. ಇದನ್ನು ಅಕ್ಕ ಕಥೆಯಲ್ಲಿ ಹಿಡಿಯಲಿ ಅಂತ ನನಗೆ ಬಹಳ ಆಸೆ. ಒಬ್ಬರು ಮಗುವನ್ನು 180 ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡುತ್ತಾರೆ. ಹಲ್ಲು ಬಿದ್ದದ್ದು, ಶೂ ಲೇಸ್ ಕಟ್ಟಲು ಕಲಿತದ್ದು ಎಲ್ಲಾ ಅವರಿಗೆ ಗೊತ್ತು. ಆಮೇಲೆ ಬಿಟ್ಟುಕೊಡುತ್ತಾರೆ.

ಈ ಒಂದು ಕೋಣೆ, ಒಬ್ಬ ಟೀಚರ್ ಅನ್ನುವುದರ ಅರ್ಥ ನನಗೆ ತಟ್ಟಿದ್ದು ಮಗಳು ಫಸ್ಟ್ ಗ್ರೇಡ್‌ನಲ್ಲಿದ್ದಾಗ. ರಾತ್ರಿ ಊಟಕ್ಕೆ ಕೂತು ರೂಬಿ ಬ್ರಿಜಸ್ ಕಥೆ ಹೇಳಿದಳು. ಬಿಳಿಯರಿಗೆ, ಕರಿಯರಿಗೆ ಬೇರೆ ಬೇರೆ ಶಾಲೆ ಇಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. 1960ರ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ವಿಲಿಯಂ ಫ್ರಾಂಟ್ಜ್ ಶಾಲೆಗೆ ಆರು ವರ್ಷದ ಕರಿಯ ಹುಡುಗಿ ರೂಬಿ ಸರ್ಕಾರಿ ಮಾರ್ಷಲ್‌ಗಳ ಕಾವಲಿನಲ್ಲಿ ಹೋದಳು. ಬಿಳಿಯ ಅಪ್ಪ ಅಮ್ಮಂದಿರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಬಾರ್ಬರಾ ಹೆನ್ರಿ ಅನ್ನುವ ಟೀಚರ್ ಆ ವರ್ಷ ಅವಳೊಬ್ಬಳಿಗೇ ಪಾಠ ಮಾಡಿದರು. "ಆ ಕ್ಲಾಸಲ್ಲಿ ದಿನಾ ಅವಳೇ ಲೈನ್ ಲೀಡರ್, ಅವಳೇ ಡೋರ್ ಹೋಲ್ಡರ್, ಅಲ್ವಾ ಅಮ್ಮ?" ಅಂತ ಮಗಳು ಕೇಳಿದಳು. ನಾನು ಕೈಯಲ್ಲಿದ್ದ ತುತ್ತು ಹಾಗೇ ತಟ್ಟೆಗೆ ಇಟ್ಟೆ.

ಬೆಳಗ್ಗೆ ಎದೆಯ ಮೇಲೆ ಕೈಯಿಟ್ಟು ಬಾವುಟಕ್ಕೆ ಪ್ರತಿಜ್ಞೆ ಹೇಳುತ್ತಾರೆ. ಅದನ್ನು ಹೇಳಲೇಬೇಕು ಅಂತ ಯಾವ ಮಗುವನ್ನೂ ಒತ್ತಾಯಿಸುವಂತಿಲ್ಲ, 1943ರಿಂದ. ಶಾಲೆಯೇ ನಿಂತು ಪ್ರಾರ್ಥನೆ ಮಾಡಿಸುವಂತಿಲ್ಲ, 1962ರಿಂದ. ಕಥೆಯಲ್ಲಿ ಹುಡುಗ ಬೆಳಗ್ಗೆ ಸಾಲಾಗಿ ನಿಂತು ಪ್ರಾರ್ಥನೆ ಹಾಡುವ ಸಾಲನ್ನು ಅಕ್ಕ ತೆಗೆದಳು.

ಅವಳಿಗೆ ಬಿಡಲು ಕಷ್ಟವಾದದ್ದು ರ್‍ಯಾಂಕು. "ರ್‍ಯಾಂಕ್ ಇಳಿಯದಿದ್ದರೆ ಹುಡುಗನ ಸಂಕಟ ಓದುಗರಿಗೆ ತಿಳಿಯೋದು ಹೇಗೆ ಕಣೆ?" ಅಂದಳು. ಒಳ್ಳೆಯ ಪ್ರಶ್ನೆ. ಇಲ್ಲಿ ಚಿಕ್ಕ ಮಕ್ಕಳ ರಿಪೋರ್ಟ್ ಕಾರ್ಡಿನಲ್ಲಿ ಎಷ್ಟೋ ಕಡೆ ನೂರಕ್ಕೆ ಇಷ್ಟು ಅಂತ ಇರುವುದಿಲ್ಲ. ಒಂದೊಂದು ಕೌಶಲಕ್ಕೂ ಒಂದರಿಂದ ನಾಲ್ಕರವರೆಗೆ ಒಂದು ಅಂಕಿ. ಪಕ್ಕದ ಮಗುವಿಗೆ ಎಷ್ಟು ಬಂತು ಅಂತ ಯಾರೂ ಹೇಳುವುದಿಲ್ಲ. ರಾಜ್ಯದ ಪರೀಕ್ಷೆ ಥರ್ಡ್ ಗ್ರೇಡ್‌ನಿಂದ ಶುರು. ಸೆಕೆಂಡ್ ಗ್ರೇಡ್ ಹುಡುಗನಿಗೆ ಅದೂ ಇಲ್ಲ.

ಹಾಗಾದರೆ ಸಂಕಟ ಕಾಣುವುದು ಕೋಣೆಯಲ್ಲೇ. ಸ್ನ್ಯಾಕ್ ಹಾಗೇ ಉಳಿಯುತ್ತದೆ. ವಾರಾಂತ್ಯದಲ್ಲಿ ಏನು ಮಾಡಿದೆ ಅಂತ ಬರೆಯುವ ಪುಟ ಖಾಲಿ ಇರುತ್ತದೆ. ಟೀಚರ್ ನೋಡುತ್ತಾರೆ. ಮನೆಗೆ ಇಮೇಲ್ ಬರುತ್ತದೆ, ಬೈಗುಳ ಅಲ್ಲ, ವಿಚಾರಣೆಯೂ ಅಲ್ಲ: 'ಈ ವಾರ ಅವನು ಸ್ವಲ್ಪ ಮೌನವಾಗಿದ್ದಾನೆ.' ಶಾಲೆಯ ಕೌನ್ಸೆಲರ್ ಅವನನ್ನೂ ಇನ್ನಿಬ್ಬರನ್ನೂ ತಮ್ಮ ಕೋಣೆಯಲ್ಲಿ ಊಟಕ್ಕೆ ಕರೆಯಬಹುದು. ಮಗುವಿಗೆ ಮನೆಯಲ್ಲಿ ಹೊಡೆತ ಬೀಳುತ್ತಿದೆ ಅನ್ನುವ ಬಲವಾದ ಅನುಮಾನ ಬಂದರೆ ಟೀಚರ್ ಸರ್ಕಾರಕ್ಕೆ ತಿಳಿಸಲೇಬೇಕು. ನ್ಯೂಜೆರ್ಸಿಯಲ್ಲಂತೂ ಟೀಚರ್ ಅಂತಲ್ಲ, ಯಾರೇ ಆದರೂ ತಿಳಿಸಬೇಕು ಅಂತ ಕಾನೂನಿದೆ. ಶಾಲೆಯಲ್ಲಿ ಹೊಡೆಯುವುದನ್ನು ಈ ರಾಜ್ಯ 1867ರಲ್ಲೇ ನಿಲ್ಲಿಸಿತು, ದೇಶದಲ್ಲೇ ಮೊದಲು. ಆದರೆ ದಕ್ಷಿಣದ ಕೆಲವು ರಾಜ್ಯಗಳಲ್ಲಿ ಇವತ್ತಿಗೂ ಅದಕ್ಕೆ ಪೂರ್ತಿ ನಿಷೇಧವಿಲ್ಲ. ಅದಕ್ಕೇ ಅಕ್ಕನಿಗೆ ಹೇಳಿದೆ, 'ಅಮೆರಿಕದಲ್ಲಿ' ಅಂತ ಬರೆಯುವ ಮೊದಲು ಯಾವ ರಾಜ್ಯ ಅಂತ ಕೇಳಿಕೋ.

ಇನ್ನೊಂದು ದೃಶ್ಯವನ್ನು ನಾನೇ ಅವಳಿಗೆ ಕೊಟ್ಟೆ. ಶರತ್ಕಾಲದಲ್ಲಿ ಪೇರೆಂಟ್ ಟೀಚರ್ ಕಾನ್ಫರೆನ್ಸ್ ಇರುತ್ತದೆ. ಒಂದು ಮನೆಗೆ ಹದಿನೈದು ನಿಮಿಷ. ಕೂರುವುದು ಮಕ್ಕಳ ಕುರ್ಚಿಯ ಮೇಲೆ, ಮೊಣಕಾಲು ಎದೆಗೆ ಬರುತ್ತದೆ. ಮೇಜಿನ ಮೇಲೆ ಮಗುವಿನ ಬರಹ, ಚಿತ್ರ. ನಮಗೆ ಆ ಟೀಚರ್ ಮೊದಲು ಕೇಳಿದ್ದು, "ನಿಮ್ಮ ಮಗಳ ಬಗ್ಗೆ ನನಗೆ ಏನು ಗೊತ್ತಿರಬೇಕು?" ಅಂತ. ನಾನೂ ನನ್ನ ಗಂಡನೂ ಒಟ್ಟಿಗೆ ಬಾಯಿ ತೆರೆದೆವು. ಮಾತು ಬಿಟ್ಟ ಗಂಡ ಹೆಂಡತಿ ಆ ಪುಟ್ಟ ಕುರ್ಚಿಗಳಲ್ಲಿ ಪಕ್ಕಪಕ್ಕ ಕೂತು ಆ ಪ್ರಶ್ನೆ ಕೇಳಿಸಿಕೊಂಡರೆ ಯಾರು ಮೊದಲು ಮಾತಾಡುತ್ತಾರೆ? ಅಕ್ಕ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು.

ಊಟದ ಬಗ್ಗೆ ಒಂದೇ ಮಾತು. ಡಬ್ಬಿ ತೆರೆದಾಗ ಬಿಳಿ ಮಕ್ಕಳು ಮೂಗು ಮುಚ್ಚುವ ದೃಶ್ಯ ಬೇಡ ಅಂದೆ. ಹಾಗೆ ಆದದ್ದು ಉಂಟು, ಆಗುವುದೂ ಉಂಟು. ಆದರೆ ನಮ್ಮವರು ಬಹಳ ಇರುವ ಎಡಿಸನ್‌ನಂಥ ಊರಿನ ಕೆಫೆಟೇರಿಯಾದಲ್ಲಿ ಪರೋಟ, ಪುಳಿಯೋಗರೆ ಎಲ್ಲಾ ಮಾಮೂಲು. ನಮ್ಮ ಮನೆಯಲ್ಲಿ ಆದದ್ದು ಬೇರೆ. ಶೇಂಗಾ ಅಲರ್ಜಿ ಇರುವ ಮಕ್ಕಳಿಗೆ ಬೇರೆ ಮೇಜು ಇರುತ್ತದೆ, ಶೇಂಗಾ ಇಲ್ಲದ ಊಟ ತಂದವರು ಅವರ ಜೊತೆ ಕೂರಬಹುದು. ಮಗಳ ಜೀವದ ಗೆಳತಿ ಆ ಮೇಜಿನವಳು. "ಚಿತ್ರಾನ್ನಕ್ಕೆ ಶೇಂಗಾ ಹಾಕಬೇಡಮ್ಮ, ಕಡಲೆಬೇಳೆ ಜಾಸ್ತಿ ಹಾಕು" ಅಂದಳು ಒಂದು ದಿನ. ನಾಲ್ಕು ವರ್ಷದಿಂದ ನಮ್ಮ ಮನೆಯ ಚಿತ್ರಾನ್ನ ಹಾಗೇ.

ಬರೆಯಲು ಕೈ ಹಿಂಜರಿಯುವುದು ಇನ್ನೊಂದು ವಿಷಯ. ನಮ್ಮ ರಾಜ್ಯದಲ್ಲಿ ತಿಂಗಳಿಗೊಂದು ಬೆಂಕಿಯ ಡ್ರಿಲ್, ತಿಂಗಳಿಗೊಂದು ಸೆಕ್ಯುರಿಟಿ ಡ್ರಿಲ್. ಎರಡನೆಯದರಲ್ಲಿ, ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಅಂತ ಮಾಡಿಸುವ ಲಾಕ್‌ಡೌನ್ ಕೂಡ ಬರುತ್ತದೆ. ಬಾಗಿಲು ಹಾಕಿ, ದೀಪ ಆರಿಸಿ, ಕಿಟಕಿಗೆ ಕಾಣದ ಮೂಲೆಯಲ್ಲಿ ಎಲ್ಲರೂ ಸದ್ದಿಲ್ಲದೆ ಕೂರಬೇಕು. 2012ರ ಡಿಸೆಂಬರ್‌ನಲ್ಲಿ ಹತ್ತಿರದ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಎಲಿಮೆಂಟರಿ ಶಾಲೆಯಲ್ಲಿ ಆರು ಏಳು ವರ್ಷದ 20 ಮಕ್ಕಳನ್ನೂ ಶಾಲೆಯ ಆರು ಜನ ದೊಡ್ಡವರನ್ನೂ ಒಬ್ಬ ಯುವಕ ಬಂದೂಕಿನಿಂದ ಕೊಂದುಹಾಕಿದ. 2022ರಲ್ಲಿ ಟೆಕ್ಸಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಟೀಚರ್. ಇಲ್ಲಿ ಮಕ್ಕಳನ್ನು ಬಸ್ ಹತ್ತಿಸುವ ತಾಯಂದಿರ ಎದೆಯಲ್ಲಿ ಈ ಊರುಗಳ ಹೆಸರು ಇರುತ್ತದೆ, ಬಾಯಲ್ಲಿ ಬರುವುದಿಲ್ಲ.

ಮಗಳು ಕಿಂಡರ್‌ಗಾರ್ಟನ್‌ನಲ್ಲಿದ್ದಾಗ ಒಂದು ಸಂಜೆ ಹೇಳಿದಳು: "ಇವತ್ತು ಕಬ್ಬಿ ಹತ್ತಿರ ಕತ್ತಲಲ್ಲಿ ಕೂತಿದ್ವಿ. ನಂಗೆ ಕೆಮ್ಮು ಬಂತಮ್ಮ. ನಾನು ತಡೆದುಕೊಂಡೆ. ಕಣ್ಣಲ್ಲಿ ನೀರು ಬಂತು, ಆದರೂ ಕೆಮ್ಮಲಿಲ್ಲ." ಟೀಚರ್ ಶಹಬ್ಬಾಸ್ ಅಂದರು ಅಂತ ಖುಷಿಯಲ್ಲಿದ್ದಳು. ನಾನು ಒಳಗೆ ಹೋಗಿ ಶುಂಠಿ ಜಜ್ಜಿ ಜೇನುತುಪ್ಪ ಕಲೆಸಿ ತಂದು ಕೊಟ್ಟೆ. ಆಮೇಲೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಅತ್ತೆ. ಈ ಡ್ರಿಲ್ಲನ್ನು ಕಥೆಯ ತಿರುವಿಗೆ ಬಳಸಬೇಡ ಅಂತ ಅಕ್ಕನನ್ನು ಕೇಳಿಕೊಂಡೆ. ಒಂದು ಮಂಗಳವಾರ ಬೆಳಗ್ಗೆ ಆಗಿ ಹೋಗಲಿ, ಆಮೇಲೆ ಗಣಿತದ ಪಾಠ ಮುಂದುವರಿಯಲಿ. ಇಲ್ಲಿ ಅದು ನಡೆಯುವುದು ಹಾಗೇ.

ಕೊನೆಗೆ ಉಳಿದದ್ದು ಮನೆಗೆ ಬರುವ ದಾರಿ. ಅಕ್ಕನ ಹುಡುಗ ಶಾಲೆ ಬಿಟ್ಟ ಮೇಲೆ ಒಬ್ಬನೇ ನಡೆದು ಬಂದು ಕುಂಡದ ಕೆಳಗಿನ ಕೀಲಿ ತೆಗೆದು ಮನೆ ಹೊಕ್ಕುತ್ತಿದ್ದ. ಏಳು ವರ್ಷದ ಮಗುವನ್ನು ಇಲ್ಲಿ ಹಾಗೆ ಬಿಡುವುದು ಬಹಳ ಅಪರೂಪ. ಹಳದಿ ಬಸ್ಸಿನಲ್ಲಿ ಬರುತ್ತಾನೆ. ಆ ಹಳದಿ 1939ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ಯೂನಿವರ್ಸಿಟಿಯ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಕರೆದ ಸಭೆಯಲ್ಲಿ ಆರಿಸಿದ್ದು. ಮಬ್ಬು ಬೆಳಕಿನಲ್ಲೂ ಎದ್ದು ಕಾಣುತ್ತದೆ, ಮೇಲಿನ ಕಪ್ಪು ಅಕ್ಷರ ಓದಲು ಸುಲಭ. ಬಸ್ ನಿಂತು ಕೆಂಪು ದೀಪ ಹತ್ತಿ ಸ್ಟಾಪ್ ಬೋರ್ಡ್ ಚಾಚಿತು ಅಂದರೆ ಎರಡೂ ಕಡೆಯ ಕಾರುಗಳು ನಿಲ್ಲಬೇಕು. ಮಗು ರಸ್ತೆ ದಾಟುವ ತನಕ ಇಡೀ ಬೀದಿ ಕಾಯುತ್ತದೆ.

ತೀರಾ ಚಿಕ್ಕ ಮಕ್ಕಳ ಸ್ಟಾಪಿನಲ್ಲಿ ದೊಡ್ಡವರು ಯಾರೂ ಇಲ್ಲದಿದ್ದರೆ ಎಷ್ಟೋ ಡಿಸ್ಟ್ರಿಕ್ಟ್‌ಗಳಲ್ಲಿ ಡ್ರೈವರ್ ಇಳಿಸುವುದಿಲ್ಲ, ವಾಪಸ್ ಶಾಲೆಗೆ ಕರೆದುಕೊಂಡು ಹೋಗುತ್ತಾರೆ. ಶಾಲೆಯಿಂದ ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಅನ್ನುವ ಪಟ್ಟಿ ಆಫೀಸಿನಲ್ಲಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸ್ವಂತ ಚಿಕ್ಕಪ್ಪನಾದರೂ ಕಳಿಸುವುದಿಲ್ಲ. ಅಪ್ಪನ ಹೆಸರನ್ನು ಅಮ್ಮ ಸುಮ್ಮನೆ ತೆಗೆಸಲು ಬರುವುದಿಲ್ಲ, ಕೋರ್ಟಿನ ಕಾಗದ ತನ್ನಿ ಅನ್ನುತ್ತಾರೆ. ಇದನ್ನು ಕೇಳಿದ ಮೇಲೆ ಅಕ್ಕ ಕಥೆಯ ಎರಡನೇ ಅರ್ಧವನ್ನು ಪೂರ್ತಿ ಹರಿದು ಹಾಕಿ ಮತ್ತೆ ಬರೆಯಲು ಕೂತಳು.

ಹೋದ ವಾರ ರಾತ್ರಿ ಅವಳ ಮೆಸೇಜು. ಈಗ ಕಥೆ ಬಸ್ಸಿನಲ್ಲೇ ಮುಗಿಯುತ್ತದಂತೆ. ಹುಡುಗ ಸೀಟಿನಿಂದ ಎದ್ದು ಬಾಗಿಲಿಗೆ ಬರುತ್ತಾನೆ, ಸ್ಟಾಪಿನಲ್ಲಿ ಯಾರು ನಿಂತಿದ್ದಾರೆ ಅಂತ ಕಾಣಬೇಕು. "ಆ ಬಸ್ಸಿಗೆ ಮೆಟ್ಟಿಲು ಎಷ್ಟು? ಮೇಲಿನ ಮೆಟ್ಟಿಲಿನಿಂದ ಹೊರಗೆ ನಿಂತವರ ಮುಖ ಕಾಣುತ್ತಾ, ಕಾಲು ಮಾತ್ರನಾ?" ಅಂತ ಕೇಳಿದ್ದಳು.

ಮಾರನೇ ದಿನ ಮಧ್ಯಾಹ್ನ ಬಸ್ ಬಂದಾಗ ನಾನು ಬಗ್ಗಿ ಎಣಿಸಿದೆ. ಮೂರು ಮೆಟ್ಟಿಲು. ಮಗಳನ್ನು ಮೇಲೆ ಒಂದು ಗಳಿಗೆ ನಿಲ್ಲು ಅಂದೆ. ಡ್ರೈವರಮ್ಮ ನಕ್ಕು ಕಾದರು. "ಇಲ್ಲಿಂದ ನಿನ್ನ ಚಪ್ಪಲಿ, ಸೀರೆ ಅಂಚು ಕಾಣುತ್ತೆ" ಅಂದಳು. ಅವತ್ತು ನಾನು ಗೆಳತಿಯ ಮನೆಯ ಪೂಜೆಗೆ ಹೋಗಿ ಬಂದಿದ್ದೆ. "ಇನ್ನೊಂದು ಮೆಟ್ಟಿಲು ಇಳಿ" ಅಂದೆ. ಇಳಿದಳು. "ಈಗ?"

"ಈಗ ನೀನು ಕಾಣ್ತೀಯ."

ಅಲ್ಲೇ ನಿಂತು ಅಕ್ಕನಿಗೆ ಅಷ್ಟನ್ನೂ ಟೈಪ್ ಮಾಡಿ ಕಳಿಸಿದೆ.